ವಸ್ತ್ರದ ಮರೆಯ ವ್ಯಾಪಾರ: ತಂತ್ರಾಂಶದ ವಿನಂತಿಯೂ ವರ್ತಕರ ಗುಟ್ಟೂ

ದನದ ಸಂತೆಗಳಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಸೂಚಿಸುವ ಪದ್ಧತಿ ನಮ್ಮ ಭಾಗದ ವರ್ತಕರಿಗೆ ಹೊಸದಲ್ಲ. ಸುತ್ತ ನಿಂತವರಿಗೆ ಬೆಲೆ ತಿಳಿಯದು. ಆದರೆ ಯಾರು ಯಾರ ಕೈ ಹಿಡಿದಿದ್ದಾರೆಂಬುದು ಎಲ್ಲರಿಗೂ ಕಾಣುತ್ತದೆ. ಕೃಷ್ಣಾ ತೀರದ ಜುಗೂಳದಲ್ಲಿ ಕುಳಿತು ಕೊಲ್ಹಾಪುರದ ಬೆಲ್ಲದ ಧಾರಣೆಯನ್ನು ಮೊಬೈಲಿನಲ್ಲಿ ನೋಡುವ ವರ್ತಕರ ಸ್ಥಿತಿಯೂ ಹೆಚ್ಚುಕಡಿಮೆ ಇದೇ ಆಗಿದೆ.

ಬ್ರೌಸರ್ ಆಗಲಿ, ಲೆಕ್ಕಪತ್ರದ ತಂತ್ರಾಂಶವಾಗಲಿ ಅಂತರ್ಜಾಲದಿಂದ ಮಾಹಿತಿ ಪಡೆಯಲು ಸರ್ವರ್‌ಗೆ ವಿನಂತಿಯೊಂದನ್ನು ಕಳುಹಿಸುತ್ತದೆ. ಅದು ಬರಿಗೈಯಲ್ಲಿ ಹೋಗುವುದಿಲ್ಲ. ಸಂಪರ್ಕದ ಐಪಿ ವಿಳಾಸ ಜೊತೆಗೇ ಇರುತ್ತದೆ. ಸಾಮಾನ್ಯವಾಗಿ ತಂತ್ರಾಂಶದ ಹೆಸರು, ಆವೃತ್ತಿ, ಹಿಂದಿನ ಭೇಟಿಯಲ್ಲಿ ಇರಿಸಿದ ಕುಕಿ, ಎಷ್ಟೋ ವೇಳೆ ಯಾವ ತಾಣದಿಂದ ಬಂದದ್ದೆಂಬ ವಿವರವೂ ಸೇರಿರುತ್ತವೆ. ಇವನ್ನೆಲ್ಲ ವೇಳೆಸಹಿತ ಬರೆದಿಡುವ ವ್ಯವಸ್ಥೆ ಬಹುತೇಕ ಸರ್ವರ್‌ಗಳಲ್ಲಿ ಉಂಟು. ಒಂದೇ ಸರಕಿನ ಧಾರಣೆಯನ್ನು ದಿನಕ್ಕೆ ಹತ್ತು ಬಾರಿ ವಿಚಾರಿಸಿದವರ ಖರೀದಿಯ ಇಂಗಿತ ಅಲ್ಲಿಯೇ ಬಯಲಾದಂತೆ.

ದಾರಿಯ ನಡುವೆ ಏನಾಗಬಹುದೆಂಬುದಕ್ಕೆ ಬೆಂಗಳೂರಿನಲ್ಲೇ ನಿದರ್ಶನವಿದೆ. ಏರ್‌ಟೆಲ್‌ನ 3ಜಿ ಜಾಲದ ಮೂಲಕ ತೆರೆದ ಪುಟಗಳಲ್ಲಿ ಹೊರಗಿನ ಸಂಕೇತವೊಂದು ಸೇರಿಕೊಳ್ಳುತ್ತಿರುವುದನ್ನು ತಂತ್ರಜ್ಞ ತೇಜೇಶ್ ಜಿ.ಎನ್. 2015ರ ಜೂನ್‌ನಲ್ಲಿ ಬಹಿರಂಗಪಡಿಸಿದರು. ಗ್ರಾಹಕರಿಗೆ ಡೇಟಾ ಬಳಕೆಯ ಪ್ರಮಾಣ ತಿಳಿಸುವುದೇ ಉದ್ದೇಶವೆಂದು ಕಂಪನಿ ಸ್ಪಷ್ಟೀಕರಿಸಿತು. ಸೋಜಿಗವೆಂದರೆ, ಆ ತಂತ್ರಾಂಶ ಒದಗಿಸಿದ್ದ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಸಂಸ್ಥೆಯ ಪರವಾಗಿ ವಕೀಲರ ನೋಟಿಸು ಬಂದದ್ದು ವಿಷಯ ಬಯಲಿಗೆಳೆದವರಿಗೇ!

ಗೂಢಲಿಪಿಯಿಲ್ಲದ ಸಂಪರ್ಕದಲ್ಲಿ ಮಾತ್ರ ಇಂತಹ ಸೇರ್ಪಡೆ ಸುಲಭ. ವಿಳಾಸ ‘ಎಚ್‌ಟಿಟಿಪಿಎಸ್’ ಎಂದು ಆರಂಭವಾಗುತ್ತಿದ್ದರೆ ವಸ್ತ್ರದ ಮರೆ ಇದೆಯೆಂದರ್ಥ. ಒಳಗಿನ ವಿಷಯ ಮರೆಯಾಗುತ್ತದೆ. ಯಾವ ತಾಣದೊಡನೆ ಸಂಪರ್ಕವೆಂಬುದು ಜಾಲ ಒದಗಿಸುವವರಿಗೆ ಸಾಮಾನ್ಯವಾಗಿ ತಿಳಿಯುತ್ತದೆ.

ಅದನ್ನೂ ಮರೆಮಾಡಲು ವಿಪಿಎನ್ ಬಳಸುವವರುಂಟು. ಇದು ದಲಾಲಿಯ ಮೂಲಕ ವ್ಯಾಪಾರ ಮಾಡಿದಂತೆ: ಎದುರಿನವರಿಗೆ ದಲಾಲಿ ಮಾತ್ರ ಕಾಣುತ್ತಾನೆ, ದಲಾಲಿಗೆ ಇಬ್ಬರೂ ಗೊತ್ತು. ಭಾರತದಲ್ಲಿ ಆತ ಖಾತೆಯನ್ನೂ ಇಡಬೇಕು. ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ವಿಪಿಎನ್ ಸಂಸ್ಥೆಗಳು ಗ್ರಾಹಕರ ಹೆಸರು, ವಿಳಾಸಗಳನ್ನು 5 ವರ್ಷ ಕಾದಿಡಬೇಕಾಯಿತು. ಕೆಲವು ವಿದೇಶಿ ಸಂಸ್ಥೆಗಳು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ತೆಗೆದವು. ಟಾರ್ ಜಾಲದಲ್ಲಿ ಸಾಮಾನ್ಯವಾಗಿ ಮೂವರು ದಲಾಲಿಗಳು. ಪ್ರತಿಯೊಬ್ಬನಿಗೂ ಹಿಂದಿನವನು, ಮುಂದಿನವನು ಮಾತ್ರ ಪರಿಚಿತ. ವೇಗ ಕಡಿಮೆಯಾದ್ದರಿಂದ ನಿತ್ಯದ ವಹಿವಾಟಿಗೆ ಅಷ್ಟಾಗಿ ಒಗ್ಗದು.

ಸದಸ್ಯರು ಸ್ವಂತ ತಂತ್ರಾಂಶ ಬರೆಸುವಾಗ ಪ್ರಶ್ನೆ ತಿರುಗುಮುರುಗಾಗುತ್ತದೆ. ಆಗ ಕಾಪಾಡಬೇಕಾದುದು ಗ್ರಾಹಕರ ಗುಟ್ಟು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 250 ಕೋಟಿ ರೂಪಾಯಿವರೆಗೂ ದಂಡಕ್ಕೆ ಅವಕಾಶ ಕಲ್ಪಿಸಿದೆ. ಗ್ರಾಹಕರ ಮೊಬೈಲ್ ಸಂಖ್ಯೆಯನ್ನು ವಿನಂತಿಯ ವಿಳಾಸದಲ್ಲೇ ಪೋಣಿಸಿ ಕಳುಹಿಸುವ ತಂತ್ರಾಂಶಗಳು ಈಗಲೂ ಇವೆ. ಗೂಢಲಿಪಿಯಿದ್ದರೂ ಆ ವಿಳಾಸ ಸರ್ವರ್‌ನ ದಾಖಲೆಯಲ್ಲಿ ಅಚ್ಚಳಿಯದೆ ಉಳಿಯಬಹುದಾದ್ದರಿಂದ, ಬಾಕಿ ಹಣ ಪಾವತಿಸುವ ಮುನ್ನ ತಂತ್ರಾಂಶ ಬರೆದವರಿಂದ ಈ ಒಂದು ಅಂಶವನ್ನು ಪರಿಶೀಲಿಸಿಕೊಳ್ಳುವುದು ಲೇಸು.