ಓಡುವ ಗಣಕಕ್ಕೆ ತಟ್ಟೆಯ ತಡೆ

ಬ್ಯಾಂಕಿನ ಖಾತೆಯಲ್ಲಿ ಎಷ್ಟು ಹಣವಿದೆಯೆಂದು ಮೊಬೈಲಿನಲ್ಲಿ ಕೇಳಿದರೆ ಉತ್ತರ ಬರುವುದು ಎಲ್ಲೋ ದೂರದ ಡೇಟಾ ಸೆಂಟರಿನಿಂದ. ಅಲ್ಲಿ ಸಾಲುಗಟ್ಟಿ ನಿಂತ ಗಣಕಗಳ ವೇಗ ಊಹೆಗೂ ನಿಲುಕದ್ದು. ಆದರೂ ಒಮ್ಮೊಮ್ಮೆ ಉತ್ತರ ತಡವಾಗುತ್ತದೆ. ಕಾರಣ ಹಲವಿರಬಹುದು, ಮುಖ್ಯವಾದ ಒಂದು, ಮಾಹಿತಿಯನ್ನು ಕೂಡಿಟ್ಟ ಉಗ್ರಾಣ.

1956ರಲ್ಲಿ ಐ.ಬಿ.ಎಂ. ಕಂಪೆನಿ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅದು ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ. ಇಂದಿನ ಡಿಸ್ಕು ಅಂಗೈಯಗಲವಿದ್ದರೂ ಅದರ ಲಕ್ಷಾಂತರ ಪಟ್ಟು ಹಿಡಿಯುತ್ತದೆ. ಆದರೆ ಕೆಲಸದ ರೀತಿ ಬದಲಾಗಿಲ್ಲ: ತಿರುಗುವ ತಟ್ಟೆ, ಗ್ರಾಮಫೋನಿನ ಮುಳ್ಳಿನಂತೆ ಸರಿದಾಡುವ ತೋಳು. ನಿಮಿಷಕ್ಕೆ 7,200 ಸುತ್ತು ತಿರುಗಿದರೂ ಒಂದು ಸುತ್ತಿಗೆ ಸುಮಾರು 8 ಮಿಲಿಸೆಕೆಂಡು ಬೇಕು. ತೋಳು ಸರಿಯುವ ಹೊತ್ತೂ ಸೇರಿದರೆ, ಅಲ್ಲಲ್ಲಿ ಚದುರಿದ ಮಾಹಿತಿಯನ್ನು ಸೆಕೆಂಡಿಗೆ ಹೆಚ್ಚೆಂದರೆ ನೂರರಷ್ಟು ಸಲ ತರಬಹುದು. ಒಂದು ಸಲ ತರುವಷ್ಟರಲ್ಲಿ ಪ್ರೊಸೆಸರ್ ಕೋಟಿಗಟ್ಟಲೆ ಲೆಕ್ಕ ಮುಗಿಸಿರುತ್ತದೆ!

ಇದಕ್ಕೆ 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ಸೂಚಿಸಿದ ಉಪಾಯ ‘ರೇಡ್’. ಮಾಹಿತಿಯನ್ನು ಹಲವು ಡಿಸ್ಕುಗಳಿಗೆ ಹಂಚಿದರೆ ಎಲ್ಲವೂ ಏಕಕಾಲಕ್ಕೆ ದುಡಿಯುತ್ತವೆ. ಮುಂದೆ, ತಿರುಗುವ ಭಾಗವೇ ಇಲ್ಲದ ಫ್ಲ್ಯಾಶ್ ಸ್ಮೃತಿ ಬಂದಿತು. ಆಗ ತಡೆ ಬೇರೆಡೆಗೆ ಸರಿಯಿತು. ತಟ್ಟೆಗಳ ಕಾಲದ ಸಂಪರ್ಕ ವ್ಯವಸ್ಥೆಯಲ್ಲಿ ಇದ್ದುದು ಒಂದೇ ಸರದಿ, ಅದರಲ್ಲಿ 32 ಆಜ್ಞೆಗಳಿಗಷ್ಟೇ ಜಾಗ. 2011ರಲ್ಲಿ ಬಂದ ‘ಎನ್.ವಿ.ಎಂ.ಇ.’ ನಿಯಮಾವಳಿ ಸುಮಾರು 64 ಸಾವಿರ ಸರದಿಗಳಿಗೆ ಅವಕಾಶ ಕೊಟ್ಟಿತು. ಒಂದೇ ಕೌಂಟರಿನ ಟಿಕೆಟ್ ಮನೆಗೆ ಸಾವಿರಾರು ಕಿಟಕಿ ತೆರೆದಂತಾಯಿತು.

ಹಾಗೆಂದು ಎಲ್ಲವನ್ನೂ ಫ್ಲ್ಯಾಶಿನಲ್ಲಿಡುವುದು ದುಬಾರಿ. ಸಾಸಿವೆ ಡಬ್ಬಿ ಒಲೆಯ ಬಳಿ, ವರ್ಷದ ಭತ್ತ ಕಣಜದಲ್ಲಿ ಇರುವಂತೆ, ಪದೇ ಪದೇ ಬೇಕಾದುದು ಫ್ಲ್ಯಾಶಿನಲ್ಲಿ, ಅಪರೂಪದ್ದು ತಟ್ಟೆಯಲ್ಲಿ ಇರುವುದು ರೂಢಿ.

ಇನ್ನೊಂದು ತೊಡಕನ್ನು ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಸ್ ಬರೋಸೊ 2013ರಲ್ಲಿ ವಿವರಿಸಿದರು. ಒಂದು ಗಣಕ ನೂರರಲ್ಲಿ ಒಂದು ಸಲ ಮಾತ್ರ ತಡಮಾಡುತ್ತದೆ ಎನ್ನೋಣ. ಒಂದು ಉತ್ತರಕ್ಕೆ ಅಂಥ ನೂರು ಗಣಕಗಳನ್ನು ಕೇಳಬೇಕಾದರೆ, ನೂರರಲ್ಲಿ 63 ಉತ್ತರಗಳು ತಡವಾಗುತ್ತವೆ. ಸರಾಸರಿ ವೇಗ ನೋಡಿದರೆ ಇದು ಕಾಣದು. ಮಾಹಿತಿಯ ಪ್ರತಿಯನ್ನು ಎರಡು ಕಡೆ ಇಟ್ಟು, ಒಬ್ಬರು ತಡಮಾಡಿದರೆ ಇನ್ನೊಬ್ಬರನ್ನು ಕೇಳುವುದು ಅವರು ಹೇಳಿದ ಮದ್ದುಗಳಲ್ಲೊಂದು.

ಆದ್ದರಿಂದ ಹೊಸ ಡಿಸ್ಕಿಗೆ ಹಣ ಸುರಿಯುವ ಮುನ್ನ, ಸರದಿ ಬೆಳೆದಿರುವುದು ಡಿಸ್ಕಿನಲ್ಲೋ, ಜಾಲದಲ್ಲೋ, ತಂತ್ರಾಂಶದಲ್ಲೋ ಎಂದು ಅಳೆದು ನೋಡುವುದು ಜಾಣತನ.