ಸಾಹೇಬರ ನದರು

ನಾನು ಶೇಡಬಾಳದ ಚಾವಡಿಯಲ್ಲಿ ತಲಾಠಿಯಾಗಿದ್ದವನು. ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬೀಳುತ್ತಿದ್ದ ಮಾತು ಒಂದೇ: ‘ನಮ್ಮದು ಮಂಜೂರ ಆತೇನ್ರಿ?’ ಬಾವಿಗೂ ಅದೇ, ಮನೆಗೂ ಅದೇ, ವಿಧವಾ ವೇತನಕ್ಕೂ ಅದೇ. ತೋಟದ ವಸ್ತಿಯ ಒಬ್ಬ ಮುದುಕಿ ಮಾತ್ರ ಬೇರೆ ಥರ ಕೇಳುತ್ತಿದ್ದಳು: ‘ಸಾಹೇಬ್ರು ನಮ್ಮ ಕಾಗದದ ಮ್ಯಾಲ ನದರ ಹಾಕ್ಯಾರೇನಪಾ?’ ‘ಬರೇ ನದರ ಹಾಕಿದ್ರ ಆಗೂದಿಲ್ಲ ಆಯಿ, ಮಂಜೂರ ಆಗಬೇಕು’ ಎಂದು ತಿದ್ದುತ್ತಿದ್ದೆ. ನಿವೃತ್ತನಾಗಿ ನಿಘಂಟು ಬಿಡಿಸಿ ಕೂತಾಗ ಗೊತ್ತಾಯಿತು, ತಿದ್ದಿಕೊಳ್ಳಬೇಕಾದವನು ನಾನು.

ಮಂಜೂರು ಅರಬ್ಬಿಯಿಂದ ಹೊರಟು ಪಾರಸಿಯ ಮೂಲಕ ಬಂದ ಪದ. ನಜರ್ ಎಂದರೆ ನೋಟ. ಮಂಜೂರ್ ಎಂದರೆ ಯಾರೋ ನೋಡಿದ್ದು, ಕಣ್ಣಿಗೆ ಬಿದ್ದದ್ದು. ಅಷ್ಟೇ. ದೊಡ್ಡವರ ಕಣ್ಣಿಗೆ ಬಿದ್ದು ಪಾರಾದ ಅರ್ಜಿ ಒಪ್ಪಿತವಾಯಿತು ಎಂಬ ಅರ್ಥ ದರಬಾರಿನಲ್ಲಿ ಅದಕ್ಕೆ ಅಂಟಿಕೊಂಡಿತು. ನಮ್ಮ ನದರು, ಕೋರ್ಟಿನ ನಾಜರು ಎಲ್ಲ ಅದೇ ಬಳ್ಳಿಯ ಕಾಯಿ. ಈ ಸೀಮೆಯನ್ನು ವಿಜಾಪುರದ ಆದಿಲಶಾಹಿ ಆಳಿತು, ಪೇಶ್ವೆಯರ ಸರದಾರರು ಆಳಿದರು, ಮುಂಬೈ ಸರಕಾರ ಆಳಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಮಂಜೂರು ಮಾತ್ರ ಕಚೇರಿ ಬಿಟ್ಟು ಕದಲಲಿಲ್ಲ.

ಕನ್ನಡಕ್ಕೆ ತನ್ನದೇ ಮಾತು ಇರಲಿಲ್ಲವೆಂದಲ್ಲ. ಹಳೆಯ ಶಾಸನಗಳಲ್ಲಿ ರುಜುವಿಗೆ ‘ಒಪ್ಪ’ ಎನ್ನುತ್ತಿದ್ದರು. ವಿಜಯನಗರದ ಅರಸರು ನಾಗರಿ ಲಿಪಿಯಲ್ಲಿ ಸಂಸ್ಕೃತ ತಾಮ್ರಪಟ ಬರೆಸಿದಾಗಲೂ ಕೊನೆಗೆ ಕನ್ನಡ ಅಕ್ಷರದಲ್ಲಿ ‘ಶ್ರೀ ವಿರೂಪಾಕ್ಷ’ ಎಂದು ಒಪ್ಪ ಹಾಕಿಸುತ್ತಿದ್ದರು. ಒಪ್ಪಿಗೆಯೂ ಅದೇ ಮನೆತನದ್ದು. ನನ್ನ ಕೇಳಿದರೆ ಮಂಜೂರಿಗಿಂತ ಒಪ್ಪವೇ ಚೆಂದ. ಆದರೆ ಒಪ್ಪ ಆಯಿತೇ ಎಂದು ಚಾವಡಿಗೆ ಬಂದವರನ್ನು ನಾನು ಕಾಣೆ.

ಮಂಜೂರಿನ ತೂಕ ಎಷ್ಟೆಂದು ಶೇಡಬಾಳಕ್ಕೆ ಬೇರೆಯವರು ಹೇಳಬೇಕಾಗಿಲ್ಲ. 1811ರಲ್ಲಿ ಕುರುಂದವಾಡದ ಪಟವರ್ಧನರ ಆಸ್ತಿ ಪಾಲಾದಾಗ ನಮ್ಮೂರೂ ಒಂದು ಸಂಸ್ಥಾನದ ಊರಾಯಿತು. 1857ರಲ್ಲಿ ವಾರಸುದಾರರಿಲ್ಲದೆ ಅದು ಇಂಗ್ಲಿಷರ ವಶವಾಯಿತು. ದತ್ತು ತೆಗೆದುಕೊಳ್ಳುವುದು ಮನೆಯ ಮಾತು, ಅದನ್ನು ಮಂಜೂರು ಮಾಡುವುದು ಸರಕಾರದ ಮಾತು ಎಂಬ ಕಾಲ ಅದು. ಕಿತ್ತೂರಿನ ದತ್ತಕವನ್ನು ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ. 1824ರ ಯುದ್ಧದಲ್ಲಿ ಅವನೇ ಬಿದ್ದ. ನರಗುಂದದ ಬಾಬಾಸಾಹೇಬರಿಗೂ ದತ್ತಕಕ್ಕೆ ಪರವಾನಗಿ ಸಿಗಲಿಲ್ಲ. 1858ರಲ್ಲಿ ಅವರು ಕತ್ತಿ ಹಿರಿದರು. ಇಷ್ಟೆಲ್ಲ ಆದ ಮೇಲೆ 1862ರಲ್ಲಿ ಲಾರ್ಡ್ ಕ್ಯಾನಿಂಗ್ ಸಂಸ್ಥಾನಿಕರಿಗೆ ದತ್ತಕದ ಸನದು ಹಂಚಿದ.

ಸನದು ಕೂಡ ಅರಬ್ಬಿಯೇ. ಅದರ ಮೂಲಾರ್ಥ ಆನಿಕೊಳ್ಳುವ ಆಸರೆ. ರಾಜರು ಒರಗಿ ಕೂರುವ ಮಸನದಿನಲ್ಲೂ ಅದೇ ಧಾತು. ಊರ ಚಾಕರಿಗೆ ಹೊಲ ಪಡೆದವರನ್ನು ಇಲ್ಲಿ ಶೇತಸನದಿ ಎನ್ನುತ್ತಿದ್ದರು. ಸನದಿ ಅಡ್ಡಹೆಸರಿನವರು ಬೆಳಗಾವಿ ಜಿಲ್ಲೆಯಲ್ಲಿ ಈಗಲೂ ಬೇಕಾದಷ್ಟು ಇದ್ದಾರೆ, ಹೊಲ ಉಳಿದಿರಲಿ ಬಿಡಲಿ.

ಆಯಿಯ ಬಾವಿಯ ಅರ್ಜಿ ಎರಡು ಸಲ ತಿರುಗಿ ಬಂತು. ಒಮ್ಮೆ ಉತಾರದಲ್ಲಿ ಗಂಡನ ಹೆಸರು ತಪ್ಪಾಗಿತ್ತು. ಇನ್ನೊಮ್ಮೆ ಕಾರಣವನ್ನೇ ಬರೆದಿರಲಿಲ್ಲ. ಮೂರನೆಯ ಸಲ ಮಂಜೂರಾಯಿತು. ಶಾಯಿಯ ಡಬ್ಬಿ ಹಿಡಿದು ನಾನೇ ವಸ್ತಿಗೆ ಹೋದೆ. ಆಕೆ ಮೊಮ್ಮಗನನ್ನು ಎದುರಿಗೆ ಕೂರಿಸಿ ಉಪ್ಪು ಮೆಣಸಿನಕಾಯಿ ಇಳಿತೆಗೆಯುತ್ತಿದ್ದಳು.

‘ತಡಿಯಪಾ, ಹುಡುಗಗ ನದರ ಆಗೇತಿ’ ಅಂದಳು.

ಒಲೆಯಲ್ಲಿ ಮೆಣಸಿನಕಾಯಿ ಚಟಚಟ ಅನ್ನುವ ತನಕ ಕಟ್ಟೆಯ ಮೇಲೆ ಕೂತಿದ್ದೆ. ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡೆ.