ಸ್ಕಿಜೋಫ್ರೇನಿಯಾ: ರೂಪ ಹಲವು, ರೋಗ ಒಂದೇ

ಕಲ್ಮಲ, ದೇವದುರ್ಗ, ಮಾನ್ವಿ ಕಡೆ ಮನೆಯಲ್ಲಿ ಯಾರಾದರೂ ತಮ್ಮಷ್ಟಕ್ಕೆ ತಾವೇ ಮಾತಾಡತೊಡಗಿದರೆ ಮೊದಲು ಬರುವ ಮಾತು 'ಗಾಳಿ ಸೋಕ್ಯಾದ'. ಅಂತ್ರ, ತಾಯತ, ಹರಕೆಯಲ್ಲೇ ತಿಂಗಳುಗಳು ಕಳೆದು ಹೋಗುತ್ತವೆ.

ತಪ್ಪು ಕಲ್ಪನೆ: ಯಾರಿಗೂ ಕೇಳದ ದನಿ ಒಬ್ಬರಿಗೇ ಕೇಳಿದರೆ ದೆವ್ವದ ಕಾಟ.
ಸತ್ಯ: ಸ್ಕಿಜೋಫ್ರೇನಿಯಾ ಎಂಬ ಮನೋರೋಗದಲ್ಲಿ ಕೇಳುವ ಇಂಥ ದನಿ ಹುಟ್ಟುವುದು ಮೆದುಳಿನಲ್ಲಿ. ಕೇಳುವವರಿಗೆ ಅದು ಎದುರು ನಿಂತವರ ಮಾತಿನಷ್ಟೇ ನಿಜ. ಡೋಪಮಿನ್ ಎಂಬ ರಾಸಾಯನಿಕದ ಏರುಪೇರನ್ನು ಹತೋಟಿಗೆ ತರುವ ಗುಳಿಗೆಗಳಿಂದ ಬಹಳಷ್ಟು ಜನರಲ್ಲಿ ದನಿ ಅಡಗುತ್ತದೆ. ಹರಕೆ ಹೊರಲು ಅಡ್ಡಿಯಿಲ್ಲ, ಚಿಕಿತ್ಸೆ ಮಾತ್ರ ತಡವಾಗಬಾರದು.

ತಪ್ಪು ಕಲ್ಪನೆ: ಈ ರೋಗ ಬಂದವರೆಲ್ಲ ಕೂಗಾಡುತ್ತಾರೆ, ಹೊಡೆಯಲು ಬರುತ್ತಾರೆ.
ಸತ್ಯ: ಹೆಚ್ಚಿನವರು ಯಾರಿಗೂ ತೊಂದರೆ ಕೊಡುವುದಿಲ್ಲ. ರೋಗ ಎಲ್ಲರಲ್ಲೂ ಒಂದೇ ಥರ ಕಾಣುವುದೂ ಇಲ್ಲ. ಅದರ ಮುಖ್ಯ ರೂಪಗಳನ್ನು ವೈದ್ಯರು ಮೊದಲು ಹೀಗೆ ಗುರುತಿಸುತ್ತಿದ್ದರು.
ಪ್ಯಾರನಾಯ್ಡ್: 'ಊಟದಾಗ ವಿಷ ಹಾಕ್ಯಾರ' ಎಂಬಂಥ ಗಟ್ಟಿ ಅನುಮಾನ, ಕಿವಿಯಲ್ಲಿ ಬೈಗುಳ. ಉಳಿದ ವಿಷಯದಲ್ಲಿ ಬುದ್ಧಿ ಚುರುಕಾಗಿಯೇ ಕಾಣಬಹುದು.
ಹೆಬೆಫ್ರೀನಿಕ್: ಸಾಮಾನ್ಯವಾಗಿ ಹರೆಯದಲ್ಲೇ ಶುರು. ಮಾತಿಗೆ ಮಾತು ಕೂಡುವುದಿಲ್ಲ, ಸಾವಿನ ಮನೆಯಲ್ಲೂ ನಗು.
ಕ್ಯಾಟಟೋನಿಕ್: ಮಾತು ನಿಲ್ಲುತ್ತದೆ. ಎತ್ತಿದ ಕೈ ಎತ್ತಿದಂತೆ, ಬಾಯಿಗಿಟ್ಟ ತುತ್ತು ಇಟ್ಟಂತೆ. ಗಂಟಲಲ್ಲಿ ನೀರೂ ಇಳಿಯದಿದ್ದರೆ ಜೀವಕ್ಕೇ ಅಪಾಯ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಲೊರಾಜೆಪಾಮ್ ಎಂಬ ಮದ್ದು ಕೊಟ್ಟ ಕೆಲವೇ ಗಂಟೆಗಳಲ್ಲಿ ಮಾತಾಡುವವರೂ ಇದ್ದಾರೆ.

ತಪ್ಪು ಕಲ್ಪನೆ: ಅಬ್ಬರ ಇಳಿದ ಮೇಲೂ ಮೂಲೆ ಹಿಡಿದು ಕೂತರೆ ಮೈಗಳ್ಳತನ.
ಸತ್ಯ: ಸ್ನಾನ ಬೇಡ, ಹೊಲ ಬೇಡ, ಯಾರ ಜೊತೆಗೂ ಮಾತು ಬೇಡ ಎನ್ನುವುದೂ ರೋಗದ್ದೇ ಲಕ್ಷಣ. ಇದಕ್ಕೆ 'ರೆಸಿಡುಯಲ್' ಎಂಬ ಹೆಸರಿತ್ತು. ಬೈದರೆ ಹೆಚ್ಚುತ್ತದೆ. ಎಮ್ಮೆಗೆ ನೀರಿಡುವಂಥ ಸಣ್ಣ ಕೆಲಸದಿಂದ ಶುರು ಮಾಡಿಸಬೇಕು.

ತಪ್ಪು ಕಲ್ಪನೆ: ಯಾವ ವಿಧವೆಂದು ಗೊತ್ತಾಗದೆ ಚಿಕಿತ್ಸೆಯಿಲ್ಲ.
ಸತ್ಯ: ಇಂದು ಅನುಮಾನ ತುಂಬಿದವರಲ್ಲಿ ನಾಳೆ ಮೌನ ಕಾಣಬಹುದು, ಮದ್ದೂ ಬಹುಪಾಲು ಒಂದೇ. ಹಾಗಾಗಿ ಮನೋರೋಗಗಳನ್ನು ವರ್ಗೀಕರಿಸುವ ಅಮೆರಿಕದ ಡಿಎಸ್‌ಎಂ-5 ಕೈಪಿಡಿ 2013ರಲ್ಲಿ ಈ ವಿಧಗಳನ್ನು ಕೈಬಿಟ್ಟಿತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11ರಲ್ಲೂ ಅವಿಲ್ಲ. ಕ್ಯಾಟಟೋನಿಯಾ ಖಿನ್ನತೆಯಲ್ಲೂ, ಕೆಲವು ದೈಹಿಕ ಕಾಯಿಲೆಗಳಲ್ಲೂ ಬರುವುದರಿಂದ ಅದಕ್ಕೆ ಬೇರೆಯೇ ಜಾಗ ಕೊಟ್ಟಿದ್ದಾರೆ. ಈಗ ನೋಡುವುದು ಯಾವ ಲಕ್ಷಣ, ಎಷ್ಟು ತೀವ್ರ, ಎಷ್ಟು ದಿನದಿಂದ ಎಂಬುದನ್ನು.

ಮನೆಯವರು ಗಮನಿಸಬೇಕಾದ್ದೂ ಅದನ್ನೇ. ಯಾವಾಗ ಶುರುವಾಯಿತು, ನಿದ್ದೆ ಹೇಗಿದೆ, ಏನು ಕೇಳಿಸುತ್ತದೆ ಎನ್ನುತ್ತಾರೆ, ಇಷ್ಟನ್ನು ಬರೆದುಕೊಂಡು ರಾಯಚೂರಿನ ಆಸ್ಪತ್ರೆ ರಿಮ್ಸ್‌ನಲ್ಲಿ ಮನೋವೈದ್ಯರಿಗೆ ತೋರಿಸಿ. ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿ. ಮೊದಲು ಯಾರನ್ನಾದರೂ ಕೇಳಬೇಕೆನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.